ನೀರ ನಡುವಣ ಮನೆ

ನಿವೃತ್ತಿಯ ದಿನ ಹತ್ತಿರ ಬಂದಂತೆಲ್ಲ ಮನುಷ್ಯನ ಮನಸ್ಸು ಭೂಪಟವನ್ನು ಬಿಡಿಸಿಕೊಂಡು ಕುಳಿತುಬಿಡುತ್ತದೆ. ಮೂವತ್ತು ಮೂವತ್ತೈದು ವರ್ಷ ಒಂದೇ ದಾರಿಯಲ್ಲಿ ಹೋಗಿ ಬಂದವರಿಗೆ ಉಳಿದ ದಿನಗಳನ್ನು ಎಲ್ಲಿ ಕಳೆಯಬೇಕೆಂಬ ಪ್ರಶ್ನೆ ಏಳುವುದು ಸಹಜವೇ. ಹಿಂದಿನವರು ಕಾಶಿಯೆನ್ನುತ್ತಿದ್ದರು, ಅವರ ಮಕ್ಕಳು ಬೆಂಗಳೂರಿನಲ್ಲೊಂದು ನಿವೇಶನವೆಂದರು. ಮೊಮ್ಮಕ್ಕಳ ಕಾಲಕ್ಕೆ ಬಂದ ಕನಸು ಇವೆರಡಕ್ಕಿಂತಲೂ ಸೊಗಸಾದದ್ದು. ಸುತ್ತಲೂ ನೀರು, ನಡುವೆ ತೆಂಗಿನ ತೋಟ, ತೋಟದೊಳಗೊಂದು ಹೆಂಚಿನ ಮನೆ. ಆ ಮನೆಯಲ್ಲಿ ಹಿಂದೊಮ್ಮೆ ತಮ್ಮ ಅಜ್ಜನೋ ಮುತ್ತಜ್ಜನೋ ಹುಟ್ಟಿದ್ದನೆಂಬ ಒಂದು ಮಾತು. ಈ ಕಡೆಯ ಮಾತೇ ಕನಸಿನ ತಾಯಿಬೇರು. ಬರಿಯ ದ್ವೀಪಕ್ಕೆ ಹೋದರೆ ಅದು ಪ್ರವಾಸ. ಪೂರ್ವಿಕರ ದ್ವೀಪಕ್ಕೆ ಹೋದರೆ ಅದು ಹಿಂದಿರುಗುವುದು. ಕನಸು ಕಾಣುವವರಾದರೂ ಹಾಗೆಂದೇ ತಿಳಿದಿರುತ್ತಾರೆ.

ಇಂಥ ಕನಸು ಕಡಲ ತಡಿಯವರಿಗಿಂತ ಬಯಲುಸೀಮೆಯವರನ್ನೇ ಹೆಚ್ಚಾಗಿ ಕಾಡುವುದರಲ್ಲಿ ಆಶ್ಚರ್ಯವೇನೂ ಇಲ್ಲ. ನಗರಗೆರೆಯನ್ನೇ ತೆಗೆದುಕೊಳ್ಳಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೋಬಳಿ ಕೇಂದ್ರವಿದು. ಆಂಧ್ರದ ಗಡಿ ಅಲ್ಲಿಂದ ದೂರವಿಲ್ಲ. ಜಗಲಿಯ ಮೇಲಿನ ಮಾತು ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಊರ ಹೆಸರಿನಲ್ಲಿ ನೀರು ಧಾರಾಳವಾಗಿದೆ. ನಗರದ ಜೊತೆಗೆ ಕೆರೆ ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ, ನಗರಗೆರೆಯಾಯಿತು. ಸಂಧಿಗೆ ಉದಾಹರಣೆ ಬೇಕಾದ ಉಪಾಧ್ಯಾಯರು ಊರ ಹೆಸರನ್ನೇ ಕಪ್ಪುಹಲಗೆಯ ಮೇಲೆ ಬರೆದರೆ ಸಾಕು. ಆದರೆ ವ್ಯಾಕರಣದೊಳಗಿನ ಕೆರೆ ಬತ್ತುವುದಿಲ್ಲ, ನೆಲದ ಮೇಲಿನ ಕೆರೆಯ ಮಾತು ಬೇರೆ. ಈ ತಾಲ್ಲೂಕಿನಲ್ಲಿ ವರ್ಷಕ್ಕೆ ಬೀಳುವ ಮಳೆ ೭೦೦ ಮಿಲಿಮೀಟರಿನ ಆಸುಪಾಸು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದು ಆಂಧ್ರವನ್ನು ಸೇರುವ ಉತ್ತರ ಪಿನಾಕಿನಿಯು ವರ್ಷದ ಬಹುಕಾಲ ಮರಳಿನ ಹಾಸಾಗಿಯೇ ಮಲಗಿರುತ್ತದೆ. ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಕೆಳಗಿಳಿದಿವೆ; ಅಷ್ಟು ಆಳದಿಂದ ಬರುವ ನೀರಿನಲ್ಲಿ ಹಲವೆಡೆ ಫ್ಲೋರೈಡಿನ ಕಾಟ ಬೇರೆ. ಹೀಗಿದ್ದೂ ಸಂಧ್ಯಾವಂದನೆಗೆ ಕುಳಿತ ಗೃಹಸ್ಥರು ದಿನವೂ ಬೆಳಿಗ್ಗೆ ಸಂಕಲ್ಪ ಹೇಳುವಾಗ ತಾವು ಜಂಬೂದ್ವೀಪದಲ್ಲಿ ಇರುವುದಾಗಿಯೇ ಸಾರುತ್ತಾರೆ. ಎರಡೂ ಕಡೆ ನೀರುಳ್ಳದ್ದು ದ್ವೀಪವೆಂದು ಆ ಶಬ್ದಕ್ಕೆ ಬಲ್ಲವರು ವಿಗ್ರಹ ಹೇಳುತ್ತಾರೆ. ನಗರಗೆರೆಯಲ್ಲಿ ಆ ನೀರು ಉದ್ಧರಣೆಯ ಅಂಚಿನವರೆಗೆ ಮಾತ್ರ.

ಇಲ್ಲಿ ಒಬ್ಬ ಹೈಸ್ಕೂಲು ಮೇಷ್ಟ್ರನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಹೆಸರು ಬೇಡ, ರಾಯರೆಂದರೆ ಸಾಕು. ಅರವತ್ತು ತುಂಬಿ ಹಾರ ತುರಾಯಿಗಳೊಡನೆ ಮನೆಗೆ ಬಂದವರು. ಅವರ ಮನೆಯ ಮಾತಿನಲ್ಲಿ ಇಂದಿಗೂ ಒಂದೆರಡು ಶಬ್ದಗಳು ಊರಿನವರಿಗೆ ಅರ್ಥವಾಗುವುದಿಲ್ಲ. ಅವರ ಅಜ್ಜ ೧೯೨೩ರಲ್ಲಿ, ಹದಿನೈದರ ಪ್ರಾಯದಲ್ಲಿ, ಕುಂದಾಪುರದ ಹೊಳೆಯ ನಡುವಿನ ಕುದ್ರುವೊಂದನ್ನು ಬಿಟ್ಟು ಘಟ್ಟ ಹತ್ತಿದ. ಮೊದಲು ಬೆಂಗಳೂರಿನ ಹೋಟಲೊಂದರಲ್ಲಿ ಹಿಟ್ಟು ರುಬ್ಬಿ, ಆಮೇಲೆ ಗೌರಿಬಿದನೂರಿನಲ್ಲಿ ಸ್ವಂತ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ. ಅವನ ಮಗ ನಗರಗೆರೆಯಲ್ಲಿ ಅಂಗಡಿಯಿಟ್ಟ, ಮೊಮ್ಮಗ ಮೇಷ್ಟ್ರಾದರು. ಈ ರಾಯರು ಕಲ್ಪಿತರಾದರೂ ಅವರಂಥವರು ಕಲ್ಪಿತರಲ್ಲ. ಬಳ್ಳಾರಿಯಿಂದ ಕೋಲಾರದವರೆಗೆ ಯಾವ ಪಟ್ಟಣದಲ್ಲಿ ಹಳೆಯ ಉಡುಪಿ ಹೋಟಲಿದೆಯೋ ಅಲ್ಲೆಲ್ಲ ಇಂಥದೊಂದು ಮನೆತನವಿದೆ, ಅಂಥ ಮನೆತನದಲ್ಲಿ ಬಿಟ್ಟುಬಂದ ನೆಲದ ಕಥೆಯೊಂದಿದೆ.

ಆ ವಲಸೆಯ ಕಥೆ ದೊಡ್ಡದು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಜಿಲ್ಲೆ. ಮೈಸೂರು ಬೇರೆಯೇ ಸಂಸ್ಥಾನ. ಎರಡೂ ಒಂದು ರಾಜ್ಯವಾದದ್ದು ೧೯೫೬ರ ನವೆಂಬರ್ ೧ರಂದು. ತುಂಡು ತುಂಡಾದ ಗದ್ದೆಗಳು, ಹೆಚ್ಚುತ್ತಿದ್ದ ಸಂಸಾರ, ಜೊತೆಗೆ ೧೯೨೩ರಲ್ಲಿ ಬಂದ ಮಹಾಪೂರ. ನೇತ್ರಾವತಿಯ ದಂಡೆಯವರು ಇಂದಿಗೂ ಅದನ್ನು ಮಾರಿಬೊಳ್ಳವೆಂದೇ ನೆನೆಯುತ್ತಾರೆ. ಕೈಯಲ್ಲಿ ಸೌಟು ಹಿಡಿಯಬಲ್ಲ ಹುಡುಗರೆಲ್ಲ ಹೊರಟರು. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಮೈಯ ಸೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫನ್ ರೂಮ್ಸ್ ಆಯಿತು. ಉಡುಪಿ ಕಡೆಯ ಕೃಷ್ಣರಾಯರು ಮದರಾಸಿನಲ್ಲಿ ಪಾತ್ರೆ ತೊಳೆಯುವ ಕೆಲಸದಿಂದ ಮೇಲೆದ್ದು ವುಡ್‌ಲ್ಯಾಂಡ್ಸ್ ಕಟ್ಟಿದರು. ಗೆದ್ದವರ ಹೆಸರು ಉಳಿದಿದೆ. ಗೌರಿಬಿದನೂರಿನಂಥ ಊರುಗಳಲ್ಲಿ ನಾಲ್ಕು ಮೇಜು ಹಾಕಿ ಕುಳಿತವರ ಹೆಸರು ಅವರ ಮನೆಯ ಶ್ರಾದ್ಧದ ದಿನ ಮಾತ್ರ ಕೇಳಿಬರುತ್ತದೆ.

ಅಜ್ಜ ಬಿಟ್ಟುಬಂದ ಕುದ್ರು ಎಂದರೇನೆಂಬುದನ್ನು ಬಯಲುಸೀಮೆಯ ವಾಚಕರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹೊಳೆಯು ಕಡಲನ್ನು ಸೇರುವ ಮೊದಲು ವೇಗವನ್ನು ಕಳೆದುಕೊಂಡು ಹರಡಿಕೊಳ್ಳುತ್ತದೆ. ಘಟ್ಟದಿಂದ ತಂದ ಮಣ್ಣನ್ನೂ ಮರಳನ್ನೂ ಅಲ್ಲಲ್ಲಿ ಇಳಿಸಿಬಿಡುತ್ತದೆ. ಹಾಗೆ ಇಳಿದದ್ದರ ಮೇಲೆ ಹುಲ್ಲು ಹುಟ್ಟಿ, ಕಾಂಡ್ಲ ಬೆಳೆದು, ಮಣ್ಣು ಗಟ್ಟಿಯಾಗಿ, ಕಾಲಾಂತರದಲ್ಲಿ ತೆಂಗೂ ಗದ್ದೆಯೂ ಮನೆಯೂ ಎದ್ದು ನಿಂತರೆ ಅದೇ ಕುದ್ರು. ಕುದುರು ಎಂಬುದು ಹಳೆಯ ರೂಪ. ನಡುವಿನ ಉಕಾರವನ್ನು ಆಡುಮಾತು ನುಂಗಿದೆ. ಕುಂದಾಪುರದಲ್ಲಿ ಸೌಪರ್ಣಿಕೆ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಎಂಬ ಐದು ಹೊಳೆಗಳು ಸೇರಿ ಪಂಚಗಂಗಾವಳಿಯೆನಿಸಿಕೊಂಡು ಗಂಗೊಳ್ಳಿಯ ಬಳಿ ಕಡಲಿಗಿಳಿಯುತ್ತವೆ. ಐದು ಹೊಳೆಗಳ ಹೊರೆ ಇಳಿಯುವ ಜಾಗವಾದ್ದರಿಂದ ಕುದ್ರುಗಳಿಗೆ ಕೊರತೆಯಿಲ್ಲ. ಉಪ್ಪಿನಕುದ್ರು, ಹೇರಿಕುದ್ರು, ಬಬ್ಬುಕುದ್ರು, ಹಟ್ಟಿಕುದ್ರು. ಕನ್ನಡಕುದ್ರು ಎಂಬ ಹೆಸರಿನದೂ ಒಂದುಂಟು. ಸಿನಿಮಾದ ದ್ವೀಪಕ್ಕೆ ಇರುವ ನೀಲಿ ಕಡಲು ಇಲ್ಲಿಲ್ಲ. ಆದರೆ ಭರತ ಇಳಿತಗಳಿಗೆ ತಪ್ಪದೆ ದಿನಕ್ಕೆರಡು ಬಾರಿ ಏರಿ ಇಳಿಯುವ ನೀರು, ದೋಣಿಯ ಕಡವು, ಸಂಜೆಯ ಹೊತ್ತು ಮಲ್ಪೆಗೋ ಗಂಗೊಳ್ಳಿಗೋ ಮರಳುವ ಹಕ್ಕಿಸಾಲು ಎಲ್ಲವೂ ಉಂಟು. ಮಳೆ ವರ್ಷಕ್ಕೆ ೪೦೦೦ ಮಿಲಿಮೀಟರಿಗೂ ಮೇಲೆ. ನಗರಗೆರೆಯ ಐದಾರು ವರ್ಷದ ಮಳೆ ಅಲ್ಲಿ ಒಂದೇ ವರ್ಷದಲ್ಲಿ, ಅದರಲ್ಲಿಯೂ ಬಹುಪಾಲು ನಾಲ್ಕೇ ತಿಂಗಳಲ್ಲಿ, ಬಿದ್ದುಹೋಗುತ್ತದೆ.

ನಡುಗಡಲಿನ ದ್ವೀಪಗಳೂ ಒಂದು ಕಾಲದಲ್ಲಿ ಇದೇ ಜಿಲ್ಲೆಯ ಲೆಕ್ಕದಲ್ಲಿ ಇದ್ದವೆಂಬುದನ್ನು ಅನೇಕರು ಮರೆತಿದ್ದಾರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮೀನ್‌ದೀವಿ ದ್ವೀಪಗಳನ್ನು ೧೭೯೯ರಿಂದ ೧೯೫೬ರವರೆಗೆ ಆಳಿದ್ದು ಮಂಗಳೂರಿನ ಕಚೇರಿ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿಕೊಂಡು ಮಂಗಳೂರಿಗೆ ಬಂದು ಸರ್ಕಾರಕ್ಕೆ ಒಪ್ಪಿಸಿ ಅಕ್ಕಿ ಕೊಂಡೊಯ್ಯುತ್ತಿದ್ದರು. ಇಂದು ಅವು ಲಕ್ಷದ್ವೀಪಕ್ಕೆ ಸೇರಿವೆ. ಹೊರಗಿನವರು ಕಾಲಿಡಬೇಕಾದರೂ ಅನುಮತಿ ಚೀಟಿ ಬೇಕು. ನಿವೃತ್ತಿಯ ದ್ವೀಪವನ್ನು ಹುಡುಕುವ ಘಟ್ಟದ ಮೇಲಿನವರಿಗೆ ಉಳಿಯುವುದು ಹೊಳೆಯ ಕುದ್ರುವೇ.

ರಾಯರ ಕನಸಿನ ಒಳಗುಟ್ಟು ಮಾತ್ರ ಮಳೆಯಲ್ಲೂ ಇರಲಿಲ್ಲ, ಹಕ್ಕಿಸಾಲಿನಲ್ಲೂ ಇರಲಿಲ್ಲ, ಒಂದು ಗೋಣಿಚೀಲದಲ್ಲಿತ್ತು. ಅವರು ಹುಡುಗರಾಗಿದ್ದಾಗ ವರ್ಷಕ್ಕೊಮ್ಮೆ, ಸುಗ್ಗಿಯಾದ ಮೇಲೆ, ಲಾರಿಯ ಮೇಲೆ ಬೆಂಗಳೂರಿಗೂ ಅಲ್ಲಿಂದ ರೈಲಿನಲ್ಲಿ ಗೌರಿಬಿದನೂರಿಗೂ ಒಂದು ಮೂಟೆ ಬರುತ್ತಿತ್ತು. ಬಾಯಿ ಹೊಲಿದ ಗೋಣಿ. ಒಳಗೆ ಕೆಂಪು ಕುಚ್ಚಿಲಕ್ಕಿ. ರಾಗಿಮುದ್ದೆಯ ನಾಡಿನಲ್ಲಿ ಆ ಅಕ್ಕಿಯ ಅನ್ನವನ್ನು ಕಂಡರೆ ನೆರೆಮನೆಯ ಹುಡುಗರು ನಗುತ್ತಿದ್ದರು. ಮೂಟೆ ಬಂದ ದಿನ ಅಜ್ಜ ಮಾತ್ರ ಬೇರೆ ಮನುಷ್ಯನಾಗಿ, ಗಂಜಿಯ ಬಟ್ಟಲನ್ನು ಹಿಡಿದುಕೊಂಡು, ಹೊಳೆಯ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಕುಳಿತುಬಿಡುತ್ತಿದ್ದ. ರಾಯರಿಗೆ ಒಂಬತ್ತು ವರ್ಷವಾದ ಮೇಲೆ ಆ ಮೂಟೆ ಬರಲಿಲ್ಲ. ಯಾಕೆಂದು ಹುಡುಗನಿಗೆ ಯಾರೂ ಹೇಳಲಿಲ್ಲ. ಏನೋ ಕಳೆದುಹೋಯಿತೆಂಬ ಭಾವ ಮಾತ್ರ ಉಳಿಯಿತು. ಐವತ್ತು ವರ್ಷ ಅದು ಮನಸ್ಸಿನ ಅಟ್ಟದ ಮೇಲೆ ಕುಳಿತಿತ್ತು.

ಕಾರಣ ಸರ್ಕಾರದ ಗೆಜೆಟ್ಟಿನಲ್ಲಿತ್ತು. ಆ ಮೂಟೆ ಕಾಣಿಕೆಯಲ್ಲ, ಗೇಣಿ. ಕರಾವಳಿಯಲ್ಲಿ ನೆಲದ ಒಡೆಯ ಬೇರೆ, ಉಳುವವನು ಬೇರೆ ಎಂಬ ಏರ್ಪಾಡು ರಾಜ್ಯದ ಬೇರೆಲ್ಲ ಕಡೆಗಿಂತ ಹೆಚ್ಚಾಗಿ ಬೇರೂರಿತ್ತು. ಮೂಲಗೇಣಿಯ ಒಕ್ಕಲಿಗೆ ತಲೆಮಾರುಗಳ ಭದ್ರತೆಯಾದರೂ ಇತ್ತು. ಚಾಲಗೇಣಿಯವನು ಒಡೆಯ ಏಳೆಂದರೆ ಏಳಬೇಕಾದವನು. ಘಟ್ಟ ಹತ್ತಿದ ಮನೆತನಗಳು ತಮ್ಮ ಪಾಲಿನ ಗದ್ದೆಯನ್ನು ಚಾಲಗೇಣಿಗೆ ಬಿಟ್ಟು, ವರ್ಷಕ್ಕಿಷ್ಟು ಮುಡಿ ಅಕ್ಕಿಯೆಂದು ಗೊತ್ತುಮಾಡಿ ಹೋಗುತ್ತಿದ್ದವು. ಹೋಟಲಿನ ಒಲೆಯ ಮುಂದೆ ಬೆಂದವನು ಕಷ್ಟಪಟ್ಟಿಲ್ಲವೆಂದು ಯಾರೂ ಹೇಳಲಾರರು. ಆದರೆ ಅವನ ಗೇಣಿಗಾಗಿ ಕುದ್ರುವಿನಲ್ಲಿ ಒಬ್ಬನು ಉಪ್ಪುನೀರಿನೊಡನೆ ಹೋರಾಡುತ್ತಿದ್ದನೆಂಬುದೂ ಅಷ್ಟೇ ನಿಜ. ಕುದ್ರುವಿನ ಬೇಸಾಯ ಒಳನಾಡಿನ ಬೇಸಾಯದಂತಲ್ಲ. ಬೇಸಗೆಯಲ್ಲಿ ಹೊಳೆಯ ಸಿಹಿನೀರು ಇಳಿದಾಗ ಕಡಲು ಒಳಗೆ ನುಗ್ಗುತ್ತದೆ. ಅದನ್ನು ತಡೆಯಲು ಸುತ್ತಲೂ ಮಣ್ಣಿನ ದಂಡೆ ಕಟ್ಟಬೇಕು. ಏಡಿಗಳು ಕೊರೆದ ಬಿಲಗಳನ್ನು ಹುಡುಕಿ ಮುಚ್ಚಬೇಕು. ಒಂದು ರಾತ್ರಿ ದಂಡೆ ಒಡೆದರೆ ಗದ್ದೆ ಉಪ್ಪಾಗಿ, ಮತ್ತೆ ಮಳೆ ತೊಳೆದು ಹದವಾಗುವವರೆಗೆ ಕಾಯಬೇಕು. ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯ ಕಲ್ಲಿನ ದಂಡೆಗಳು ಬಂದದ್ದು ಆಮೇಲಿನ ಮಾತು. ಅಲ್ಲಿಯವರೆಗೆ ಆ ನೆಲವನ್ನು ನೆಲವಾಗಿ ಉಳಿಸಿದ್ದು ಒಕ್ಕಲಿನವರ ಬುಟ್ಟಿ, ಹಾರೆ, ಬೆನ್ನು.

೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಈ ಲೆಕ್ಕವನ್ನೇ ಬದಲಿಸಿತು. ದೇವರಾಜ ಅರಸರ ಸರ್ಕಾರದ ಕಾಲ. ಗೇಣಿಗೆ ಕೊಟ್ಟ ನೆಲವೆಲ್ಲ ಸರ್ಕಾರಕ್ಕೆ ಸೇರಿತು; ಉಳುತ್ತಿದ್ದವನು ೭ನೆಯ ನಮೂನೆಯ ಅರ್ಜಿಯನ್ನು ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತು ಅಧಿಭೋಗದ ಹಕ್ಕನ್ನು ಪಡೆಯಬಹುದಾಯಿತು. ಒಡೆಯನಿಗೆ ಕಾನೂನು ಗೊತ್ತುಮಾಡಿದಷ್ಟು ಮೊಬಲಗು. ಕೆಲವು ಒಡೆಯರು ವಕೀಲರನ್ನಿಟ್ಟು ಹೋರಾಡಿದರು. ನೆಲವೊಂದನ್ನೇ ನಂಬಿದ್ದ ಬಡ ವಿಧವೆಯರೂ ಸಣ್ಣ ಹಿಡುವಳಿಯ ಒಡೆಯರೂ ಆ ಕಾಯಿದೆಯಿಂದ ನೊಂದದ್ದುಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಗೌರಿಬಿದನೂರಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ಕುಂದಾಪುರದ ಕುದ್ರುವಿನಲ್ಲಿ ತಾನೇ ಉಳುತ್ತಿದ್ದೇನೆಂದು ಯಾವ ಬಾಯಿಂದ ಹೇಳಿಯಾನು? ರಾಯರ ಅಜ್ಜ ನ್ಯಾಯಮಂಡಳಿಗೆ ಹೋಗಲಿಲ್ಲ. ಗಂಜಿಯ ಬಟ್ಟಲಿಗೆ ಅಂಗಡಿಯ ಬಿಳಿಯ ಅಕ್ಕಿ ಬಂತು, ಹೊಳೆಗಳ ಹೆಸರು ಹೇಳುವುದನ್ನು ಮುದುಕ ನಿಲ್ಲಿಸಿದ.

ಕಾನೂನು ನೆಲವನ್ನು ಕೊಟ್ಟಿತು, ಬೇರನ್ನು ಕೊಡಲಿಲ್ಲ ಎಂದು ವಾದಿಸುವವರಿದ್ದಾರೆ. ಅವರ ಕೈಯಲ್ಲಿರುವ ದೊಡ್ಡ ಸಾಕ್ಷಿ ನಾಗಬನ. ಕರಾವಳಿಯ ಮನೆತನಕ್ಕೊಂದು ಮೂಲನಾಗನುಂಟು. ಮನೆ ಬಿದ್ದುಹೋಗಲಿ, ಗದ್ದೆ ಬೇರೆಯವರ ಪಾಲಾಗಲಿ, ಮರಗಳ ಗುಂಪಿನ ಕೆಳಗಿನ ಆ ಕಲ್ಲು ಮಾತ್ರ ಮನೆತನದ್ದೇ. ಮದುವೆ ತಡವಾದರೆ, ಮಕ್ಕಳಾಗದಿದ್ದರೆ, ಮುಂಬಯಿಯಲ್ಲಿ ವ್ಯಾಪಾರ ಕುಸಿದರೆ ಜೋಯಿಸರು ಕವಡೆ ಹಾಕಿ ಮೂಲಸ್ಥಾನವನ್ನು ಮರೆತಿದ್ದೀರೆಂದು ಹೇಳುತ್ತಾರೆ. ಆಗ ಮೂರು ತಲೆಮಾರು ಊರನ್ನು ಕಾಣದವರು ಬಾಡಿಗೆ ಕಾರು ಮಾಡಿಕೊಂಡು, ಹಳೆಯ ಕಾಗದಗಳನ್ನು ಹಿಡಿದುಕೊಂಡು, ಯಾವ ಬನ ತಮ್ಮದೆಂದು ಕೇಳುತ್ತ ಬರುತ್ತಾರೆ. ನಾಗರಪಂಚಮಿಯ ದಿನ ಕರಾವಳಿಯ ಹಳ್ಳಿಹಳ್ಳಿಯಲ್ಲಿ ಬೆಂಗಳೂರಿನ ನೋಂದಣಿಯ ಕಾರುಗಳು ಸಾಲುಗಟ್ಟುವುದು ಇದೇ ಕಾರಣಕ್ಕೆ. ನಂಬಿಕೆಯ ಮಾತು ಹೇಗಾದರೂ ಇರಲಿ, ಹೋದವರನ್ನು ವರ್ಷಕ್ಕೊಮ್ಮೆಯಾದರೂ ಹಿಂದಕ್ಕೆ ಕರೆತರುವ ಶಕ್ತಿ ಈ ನಾಡಿನಲ್ಲಿ ನಾಗನಿಗೆ ಇರುವಷ್ಟು ಬಂಧುಗಳಿಗಿಲ್ಲ. ಆದರೆ ಪಂಚಮಿಯ ಮರುದಿನದಿಂದ ಮುಂದಿನ ಪಂಚಮಿಯವರೆಗೆ ಆ ಬನದ ತರಗೆಲೆಯನ್ನು ಬಳಿಯುವವರು ಯಾರು? ಬಹುಪಾಲು ಕಡೆ, ನೆಲವನ್ನು ಉಳುತ್ತಿರುವ ಹಳೆಯ ಒಕ್ಕಲಿನ ಮನೆಯವರೇ. ಹಿಂದಿನ ಒಡೆಯರ ನಾಗನಿಗೆ ಸಂಜೆ ದೀಪವಿಡುವವರೂ ಅವರೇ.

ಪೂರ್ವಿಕರ ದ್ವೀಪವನ್ನು ಹುಡುಕುವವರಿರುವಂತೆ, ದ್ವೀಪದಿಂದ ಪೂರ್ವಿಕರ ಊರನ್ನು ಹುಡುಕಿಕೊಂಡು ಈಚೆಗೆ ಬರುವವರೂ ಇದ್ದಾರೆ. ಮಾರಿಷಸ್ಸಿಗೆ ೧೮೩೪ರಿಂದ ಮುಂದಿನ ಮುಕ್ಕಾಲು ಶತಮಾನದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಕಬ್ಬಿನ ಗದ್ದೆಯ ಕರಾರಿನ ಕೂಲಿಗಳಾಗಿ ಹಡಗಿಳಿದರು. ಹೆಚ್ಚಿನವರು ಭೋಜಪುರಿ ಸೀಮೆಯವರು, ಮದರಾಸು ಪ್ರಾಂತದ ತೆಲುಗರೂ ತಮಿಳರೂ ಕಡಿಮೆಯಿರಲಿಲ್ಲ. ಅವರು ಕಾಲಿಟ್ಟ ಪೋರ್ಟ್ ಲೂಯಿಯ ಅಪ್ರವಾಸಿ ಘಾಟನ್ನು ೨೦೦೬ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಬಂದವರ ಹೆಸರು, ಊರು, ಕೊನೆಕೊನೆಗೆ ಭಾವಚಿತ್ರವೂ ಇರುವ ದಾಖಲೆಗಳನ್ನು ಅಲ್ಲಿಯ ಮಹಾತ್ಮ ಗಾಂಧಿ ಸಂಸ್ಥೆ ಕಾಪಾಡಿಟ್ಟಿದೆ. ಆ ಚೀಟಿಗಳನ್ನು ಹಿಡಿದು ಮೊಮ್ಮಕ್ಕಳ ಮಕ್ಕಳು ಬಿಹಾರದ ಹಳ್ಳಿಗಳಿಗೆ ಬರುತ್ತಾರೆ. ೨೦೨೫ರ ಮಾರ್ಚಿನಲ್ಲಿ ಭಾರತ ಸರ್ಕಾರ ಏಳನೆಯ ತಲೆಮಾರಿನವರೆಗೂ ಸಾಗರೋತ್ತರ ನಾಗರಿಕತ್ವದ ಚೀಟಿಯನ್ನು ಕೊಡುವುದಾಗಿ ಘೋಷಿಸಿತು. ಏಳನೆಯ ತಲೆಮಾರಿನವನಿಗೆ ಹಳ್ಳಿಯಲ್ಲಿ ಏನು ಸಿಗುತ್ತದೆ? ಒಂದು ಬಾವಿ, ಒಂದು ಅರಳಿಮರ, ಗುರುತಿಲ್ಲದೆಯೂ ಚಹಾ ಕೊಡುವ ಒಂದು ಮನೆ. ಅವನು ಅಳುತ್ತಾನೆ, ಫೋಟೋ ತೆಗೆಸಿಕೊಳ್ಳುತ್ತಾನೆ, ಮತ್ತೆ ದ್ವೀಪಕ್ಕೆ ಹೋಗುತ್ತಾನೆ. ಹೊಲದಲ್ಲಿ ಪಾಲು ಕೇಳುವುದಿಲ್ಲ. ರಾಯರ ಕನಸಿಗೂ ಅವನ ಕನಸಿಗೂ ಇರುವ ವ್ಯತ್ಯಾಸ ಇಷ್ಟೆ: ರಾಯರಿಗೆ ಉಳಿಯಬೇಕಾಗಿತ್ತು.

ಉಳಿಯುವುದೆಂದರೆ ಏನೆಂಬುದಕ್ಕೆ ಕನ್ನಡದ ಓದುಗರಿಗೆ ದೂರದ ನಿದರ್ಶನ ಬೇಕಾಗಿಲ್ಲ. ಇದೇ ಕುಂದಾಪುರ ಸೀಮೆಯ ಕಡಲ ತಡಿಯನ್ನು ಕುರಿತು ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಬರೆದರು. ಅದರಲ್ಲಿ ಮೂರನೆಯ ತಲೆಮಾರಿನ ರಾಮ ಪಟ್ಟಣಗಳನ್ನೆಲ್ಲ ಸುತ್ತಿ ಊರಿಗೆ ಮರಳುತ್ತಾನೆ. ಆ ಹೆಸರನ್ನು ನಿವೃತ್ತರು ಬಹಳ ಪ್ರೀತಿಯಿಂದ ಬಳಸುತ್ತಾರೆ. ಆದರೆ ರಾಮ ಮರಳಿದ್ದು ತೋಳಿನಲ್ಲಿ ಬಲವಿದ್ದ ವಯಸ್ಸಿನಲ್ಲಿ, ದುಡಿಯುವುದಕ್ಕೆ. ಪಿಂಚಣಿ ತೆಗೆದುಕೊಂಡು ಗಾಳಿ ಸೇವಿಸುವುದಕ್ಕಲ್ಲ. ಉಪ್ಪಿನಕುದ್ರುವಿನ ಗೊಂಬೆಯಾಟವೂ ಹೀಗೆಯೇ. ಒಂದೂವರೆ ಅಡಿಯ ಮರದ ಗೊಂಬೆಗೆ ಯಕ್ಷಗಾನದ ಕಿರೀಟವನ್ನೂ ಗೆಜ್ಜೆಯನ್ನೂ ತೊಡಿಸಿ ಸೂತ್ರದ ಮೇಲೆ ಕುಣಿಸುವ ಈ ಕಲೆ ಕಾಮತರ ಮನೆತನದಲ್ಲಿ ತಲೆಮಾರುಗಳಿಂದ ಬಂದದ್ದು. ಕೊಗ್ಗ ಕಾಮತರು ಅದಕ್ಕೆ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯನ್ನು ತಂದರು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಅದನ್ನು ಹಲವು ದೇಶಗಳಲ್ಲಿ ಆಡಿಸಿ ಬಂದು, ಉಪ್ಪಿನಕುದ್ರುವಿನಲ್ಲಿಯೇ ಗೊಂಬೆಮನೆಯನ್ನು ಕಟ್ಟಿಸಿದರು. ಗೊಂಬೆಗಳು ಪರದೇಶಕ್ಕೆ ಹೋಗಿ ಬರುತ್ತವೆ, ಸೂತ್ರ ಕುದ್ರುವಿನಲ್ಲಿದೆ. ಆ ಮನೆತನವೂ ಎಲ್ಲರಂತೆ ಗಲ್ಲಾಪೆಟ್ಟಿಗೆಯನ್ನು ಹುಡುಕಿಕೊಂಡು ಹೋಗಿದ್ದರೆ ಗೊಂಬೆಗಳು ಯಾವುದಾದರೂ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನಿಂತಿರುತ್ತಿದ್ದವು.

ರಾಯರ ಪತ್ನಿ ಚಿಂತಾಮಣಿಯ ಕಡೆಯವರು. ಅವರಿಗೆ ಈ ಕನಸಿನಲ್ಲಿ ಪಾಲಿರಲಿಲ್ಲ. ಹುಟ್ಟಿದಾಗಿನಿಂದ ನೀರಿಗೆ ಕಾದವರು, ಬಿಂದಿಗೆಯ ಸಾಲಿನಲ್ಲಿ ನಿಂತವರು, ನೀರಿರುವಲ್ಲಿಗೆ ಹೋಗೋಣವೆಂದರೆ ಕುಣಿದಾಡಬೇಕೆಂದು ಗಂಡನ ಎಣಿಕೆ. ಅವರು ಕೇಳಿದ ಪ್ರಶ್ನೆ ಚಿಕ್ಕದು: ಆ ನೀರು ಕುಡಿಯುವುದಕ್ಕೆ ಬರುತ್ತದೆಯೆ? ಬರುವುದಿಲ್ಲ. ಹಲವು ಕುದ್ರುಗಳಲ್ಲಿ ಮಾರ್ಚ್ ಕಳೆಯಿತೆಂದರೆ ಬಾವಿಯ ನೀರು ಸವುಳಾಗುತ್ತದೆ. ಆಚೆಯ ದಡದಿಂದ ಕೊಳಾಯಿಯಲ್ಲೋ ದೋಣಿಯಲ್ಲೋ ಸಿಹಿನೀರು ಬರಬೇಕು. ನಗರಗೆರೆಯಲ್ಲಿ ಬಿಂದಿಗೆ ಹಿಡಿದು ನಿಲ್ಲುವುದಕ್ಕೂ, ಸುತ್ತಲೂ ಹೊಳೆಯಿಟ್ಟುಕೊಂಡು ಬಿಂದಿಗೆ ಹಿಡಿದು ನಿಲ್ಲುವುದಕ್ಕೂ ಇರುವ ಅಂತರವನ್ನು ಆಕೆ ವಿವರಿಸಬೇಕಾಗಿರಲಿಲ್ಲ. ಆಕೆಯ ಎರಡನೆಯ ಮಾತು ಇನ್ನೂ ಮೊನಚಾದದ್ದು. ನೀರೇ ಇತ್ತ ಬರುತ್ತಿರುವಾಗ ನೀವು ಅತ್ತ ಹೋಗುವುದೇಕೆ?

ಎತ್ತಿನಹೊಳೆಯ ಮಾತದು. ಸಕಲೇಶಪುರದ ಕಾಡುಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ತೊರೆಗಳಿಂದ ೨೪.೦೧ ಟಿ.ಎಂ.ಸಿ. ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಒಣ ಜಿಲ್ಲೆಗಳಿಗೆ ಹರಿಸುವುದು ಆ ಯೋಜನೆಯ ಉದ್ದೇಶ. ಅದರ ಮೊದಲ ಹಂತದ ಏತಕ್ಕೆ ೨೦೨೪ರ ಸೆಪ್ಟೆಂಬರ್ ೬ರಂದು, ಗೌರಿಹಬ್ಬದ ದಿನ, ಚಾಲನೆ ದೊರೆಯಿತು. ಆ ತೊರೆಗಳು ತಾವಾಗಿ ಹರಿದರೆ ಸೇರುವುದು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು. ರಾಯರ ಪಂಚಗಂಗಾವಳಿ ಬೇರೆ, ನೇತ್ರಾವತಿ ಬೇರೆ. ಆದರೆ ನೇತ್ರಾವತಿಯ ಒಡಲಲ್ಲೂ ಕುದ್ರುಗಳಿವೆ. ಮಂಗಳೂರಿನ ಬಳಿಯ ಪಾವೂರು ಉಳಿಯ ಎಂಬಲ್ಲಿಯ ಮನೆಗಳವರು ಮರಳು ತೆಗೆಯುವವರ 'ಕೈಯಿಂದ' ತಮ್ಮ ನೆಲ ಅಂಚಿನಿಂದ ಅಂಚಿಗೆ ಕರಗುತ್ತಿದೆಯೆಂದು ವರ್ಷಗಳಿಂದ ಮೊರೆಯಿಡುತ್ತಿದ್ದಾರೆ. ಹೊಳೆಯ ಮೇಲುಭಾಗದಲ್ಲಿ ನೀರು ಕಡಿಮೆಯಾದರೆ ಕೆಳಗೆ ಉಪ್ಪು ಇನ್ನಷ್ಟು ಒಳನುಗ್ಗುವುದೆಂದು ಕರಾವಳಿಯವರ ಭಯ. ಕುಡಿಯಲು ಹನಿಯಿಲ್ಲದವರಿಗೆ ಕಡಲಿಗೆ ಹೋಗುವ ನೀರನ್ನು ಕೊಟ್ಟರೆ ತಪ್ಪೇನೆಂದು ಬಯಲುಸೀಮೆಯವರ ಕೇಳಿಕೆ. ಎರಡೂ ಹಟದ ಮಾತಲ್ಲ, ಬಾಯಾರಿದವರ ಮಾತೇ. ಮೂರು ತಲೆಮಾರಿನ ಹಿಂದೆ ಹೊಟ್ಟೆಪಾಡಿಗೆ ಜನ ಆ ಕಡೆಯಿಂದ ಈ ಕಡೆಗೆ ಘಟ್ಟ ಹತ್ತಿದರು. ಈಗ ನೀರು ಹತ್ತಬೇಕಾಗಿದೆ. ಆ ದಾರಿಯಲ್ಲಿ ಎದುರಾಗಿ ಇಳಿಯಲು ಹೊರಟವರು ರಾಯರು.

ಹೊರಟದ್ದು ಡಿಸೆಂಬರಿನಲ್ಲಿ. ದ್ವೀಪದ ಕನಸಿನವರೆಲ್ಲ ಡಿಸೆಂಬರಿನಲ್ಲಿಯೇ ಹೊರಡುತ್ತಾರೆ. ಆಗ ಹೊಳೆ ಕನ್ನಡಿಯಂತಿರುತ್ತದೆ, ಬಾವಿಯ ನೀರು ಸಿಹಿಯಾಗಿರುತ್ತದೆ, ಸೊಳ್ಳೆಗಳಿಗೂ ಸ್ವಲ್ಪ ವಿರಾಮ. ಒಂದು ಕಾಲದಲ್ಲಿ ಕಡವಿನ ದೋಣಿಯಲ್ಲದೆ ಬೇರೆ ದಾರಿಯಿಲ್ಲದಿದ್ದ ಕುದ್ರುಗಳಲ್ಲಿ ಕೆಲವಕ್ಕೆ ಈಗ ಸೇತುವೆಯಿದೆ. ರಾಯರು ಆಟೋರಿಕ್ಷಾದಲ್ಲಿಯೇ ಮೂಲಸ್ಥಾನವನ್ನು ತಲುಪಿದರು. ಅಜ್ಜನ ಮನೆ ಇರಲಿಲ್ಲ. ಪಂಚಾಂಗದ ಕಲ್ಲುಗಳ ನಡುವೆ ಬಾಳೆ ಬೆಳೆದಿತ್ತು. ನಾಗಬನ ಗುಡಿಸಿ ಚೊಕ್ಕಟವಾಗಿತ್ತು. ಹಿಂದಿನ ಒಕ್ಕಲಿನ ಮನೆಯವರು ಎಳನೀರು ಕೊಟ್ಟು ಕೂರಿಸಿದರು. ಆ ಮನೆಯ ಮುದುಕಿಗೆ ಎಂಬತ್ತು ದಾಟಿತ್ತು. ಗೌರಿಬಿದನೂರೆಂಬ ಹೆಸರನ್ನು ಕೇಳಿದೊಡನೆ ಆಕೆ, ಹೊಸದಾಗಿ ಮದುವೆಯಾಗಿ ಬಂದಾಗ ಅಲ್ಲಿಗೆ ಹೋಗಬೇಕಾದ ಗೋಣಿಯ ಬಾಯನ್ನು ಹೊಲಿಯುತ್ತಿದ್ದವಳು ತಾನೇ ಎಂದು ಹೇಳಿದಳು. ಆ ವರ್ಷಗಳಲ್ಲಿ ಮೂಟೆ ಕಳುಹಿಸಿದ ಮೇಲೆ ತಮ್ಮ ಮನೆಯಲ್ಲಿ ಆಷಾಢದವರೆಗೆ ಅಕ್ಕಿ ಸಾಲುತ್ತಿರಲಿಲ್ಲವೆಂಬುದನ್ನೂ, ಹೊಳೆಯಲ್ಲಿ ಮುಳುಗಿ ಚಿಪ್ಪು ಹೆಕ್ಕಿ ಮಾರುತ್ತಿದ್ದುದನ್ನೂ, ಹವಾಮಾನ ಹೇಳುವಷ್ಟೇ ಸಹಜವಾಗಿ ಸೇರಿಸಿದಳು. ದೂರುವ ದನಿಯಿರಲಿಲ್ಲ. ರಾಯರ ಕೈಯಲ್ಲಿದ್ದ ಎಳನೀರು ಅರ್ಧಕ್ಕೇ ನಿಂತಿತು.

ಐದು ಸೆಂಟ್ಸ್ ಜಾಗ ಕೊಂಡು ಮನೆ ಕಟ್ಟುವ ವಿಚಾರವನ್ನು ಅವರು ಎತ್ತಿದ್ದು ಬಹಳ ಹೊತ್ತಿನ ಮೇಲೆ, ಕ್ರಯದ ಮಾತಾಗಿಯೇ ಹೊರತು ಹಕ್ಕಿನ ಮಾತಾಗಿ ಅಲ್ಲ. ಮನೆಯ ಯಜಮಾನ, ಮುದುಕಿಯ ಮಗ, ಕರಾವಳಿ ನಿಯಂತ್ರಣ ವಲಯದ ನಿಯಮಗಳನ್ನು ವಿವರಿಸಿದ. ೧೯೯೧ರಿಂದ ಭರತದ ನೀರು ಬರುವ ಹೊಳೆಗಳ ಅಂಚಿಗೂ ಆ ನಿಯಮ ಹಬ್ಬಿದೆ. ಸಣ್ಣ ಕುದ್ರುವಿನಲ್ಲಿ ಅಂಚಲ್ಲದ ಜಾಗವೇ ಅಪರೂಪ. ಹಳೆಯ ಮನೆಯನ್ನು ದುರಸ್ತಿ ಮಾಡಬಹುದು, ಹೊಸತಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಅವನ ಮಾತು ಮುಗಿಯುವ ಮೊದಲೇ ಮುದುಕಿ ನಡುವೆ ಬಾಯಿ ಹಾಕಿ ಕೇಳಿದಳು: ಮಳೆಗಾಲದಲ್ಲಿ ಇರುತ್ತೀರಾ?

ರಾಯರು ಒಮ್ಮೆಗೇ ಉತ್ತರ ಕೊಡಲಿಲ್ಲ. ಜೂನಿನಿಂದ ಹೊಳೆ ಕೆಂಪಾಗಿ ಅಂಗಳದವರೆಗೆ ಬರುವುದನ್ನೂ, ವಾರಗಟ್ಟಲೆ ಬಟ್ಟೆ ಒಣಗದಿರುವುದನ್ನೂ, ರಾತ್ರಿಯ ಹೊತ್ತು ದಂಡೆ ನೋಡಲು ಲಾಟೀನು ಹಿಡಿದು ಹೋಗುವುದನ್ನೂ ಅಜ್ಜ ಹೇಳಿದ್ದನೋ ಇಲ್ಲವೋ. ಅವರಿಗೆ ಹೊಳೆಗಳ ಹೆಸರು ಮಾತ್ರ ನೆನಪಿತ್ತು. ಕಡೆಗೆ ಅವರು ಕೇಳಿದ್ದು ಇಷ್ಟು: ಬರುವ ಜ್ಯೇಷ್ಠದಿಂದ ಭಾದ್ರಪದದವರೆಗೆ ಇಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕೀತೆ? ಒಕ್ಕಲಿನವರ ಮನೆಯ ಮಗ್ಗುಲಲ್ಲಿ, ಮುಂಬಯಿಯಲ್ಲಿರುವ ತಮ್ಮನಿಗಾಗಿ ಕಟ್ಟಿಸಿದ ಕೋಣೆಯೊಂದು ಬೀಗ ಹಾಕಿಕೊಂಡಿತ್ತು. ಭೂಸುಧಾರಣೆಯ ಕಾಯಿದೆ ಗದ್ದೆಯನ್ನು ಗೇಣಿಗೆ ಕೊಡಬಾರದೆನ್ನುತ್ತದೆ, ಕೋಣೆಯ ವಿಷಯದಲ್ಲಿ ಅದರ ತಕರಾರಿಲ್ಲ. ಬಾಡಿಗೆ ಎಷ್ಟೆಂದು ಗಂಡಸರಿಬ್ಬರೂ ಸಂಕೋಚಪಟ್ಟುಕೊಂಡು ಸುಮ್ಮನಿದ್ದಾಗ ಮುದುಕಿಯೇ ಗೊತ್ತುಮಾಡಿದಳು. ತಿಂಗಳಿಗಿಷ್ಟು ರೂಪಾಯಿ, ಜೊತೆಗೆ ಬರುವಾಗ ಒಂದು ಮೂಟೆ ನಗರಗೆರೆಯ ರಾಗಿ. ಸಕ್ಕರೆ ಕಾಯಿಲೆಗೆ ಅದು ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರಂತೆ. ಗೋಣಿಯ ಬಾಯನ್ನು ಗಟ್ಟಿಯಾಗಿ ಹೊಲಿಸಬೇಕೆಂದೂ, ಕುಂದಾಪುರದ ಬಸ್ ನಿಲ್ದಾಣದಲ್ಲಿ ಎಸೆದಾಡುತ್ತಾರೆಂದೂ ಹೇಳಿ ಆಕೆ ಒಳಗೆ ಹೋದಳು.